ಆಟದ ವರದಿಯೂ ಒಂದು ವಿದ್ಯೆ

ಪತ್ರಿಕೆ ಕೈಗೆ ಬಂದೊಡನೆ ಆಟದ ಪುಟವನ್ನು ಮೊದಲು ತೆರೆಯುವವರು ನಮ್ಮಲ್ಲಿ ಬಹಳ ಮಂದಿ. ಆದರೆ ಆ ಪುಟವನ್ನು ಬರೆಯುವುದೂ ಒಂದು ವಿದ್ಯೆ, ಅದನ್ನು ವಿಶ್ವವಿದ್ಯಾಲಯಗಳಲ್ಲಿ ಕಲಿಸುವುದನ್ನೇ ಬಾಳಿನ ಕೆಲಸವಾಗಿ ಮಾಡಿಕೊಂಡ ಪ್ರಾಧ್ಯಾಪಕರಿದ್ದಾರೆ ಎಂದರೆ ಕೆಲವರಿಗೆ ನಗು ಬರುತ್ತದೆ. ಗೆದ್ದವರಾರು, ಸೋತವರಾರು ಎಂದು ಹೇಳಲು ಪಾಠವೇಕೆ ಎಂದು ಅವರು ಕೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಸತ್ಯವನ್ನು ಬರೆಯಲು ಕಲಿಯುವವರಿಗೆ ಆಟದ ಮೈದಾನಕ್ಕಿಂತ ಒಳ್ಳೆಯ ಪಾಠಶಾಲೆ ದೊರೆಯುವುದು ಕಷ್ಟ.

ಪಂದ್ಯವನ್ನು ಸಾವಿರಾರು ಜನ ಕಣ್ಣಾರೆ ಕಂಡಿರುತ್ತಾರೆ. ವರದಿಗಾರನು ಒಂದು ಅಂಕಿಯನ್ನು ತಪ್ಪಿದರೂ, ಒಂದು ಹೆಸರನ್ನು ಅದಲುಬದಲು ಮಾಡಿದರೂ ಮರುದಿನವೇ ಸಿಕ್ಕಿಬೀಳುತ್ತಾನೆ. ಲೆಕ್ಕ ಸರಿಯಾಗಿದ್ದರೆ ಮಾತ್ರ ಸಾಲದು. ಫಲಿತಾಂಶವನ್ನು ಬಲ್ಲ ಓದುಗನಿಗೆ ಕಾರಣವನ್ನು ತಿಳಿಸಬೇಕು. ಮೊದಲರ್ಧದಲ್ಲಿ ಮುಂದಿದ್ದ ಕಬಡ್ಡಿ ತಂಡ ಉತ್ತರಾರ್ಧದಲ್ಲಿ ಸೋತದ್ದೇಕೆ? ಆಟಗಾರರು ದಣಿದರೋ, ಎದುರಾಳಿಗಳು ಉಪಾಯವನ್ನು ಬದಲಿಸಿದರೋ? ಇದನ್ನೆಲ್ಲ ಪತ್ರಿಕೆ ಅಚ್ಚಿಗೆ ಹೋಗುವುದರೊಳಗೆ ಬರೆದು ಮುಗಿಸಬೇಕು.

ದಡದ ಮೇಲೆ ನಿಂತು ಈಜು ಕಲಿತವರಿಲ್ಲ. ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆಯನ್ನು ಸ್ಥಾಪಿಸಿದ ವಾಲ್ಟರ್ ವಿಲಿಯಮ್ಸ್ ಇದನ್ನು ಚೆನ್ನಾಗಿ ಅರಿತಿದ್ದರು. ಅವರು ಕಾಲೇಜಿನಲ್ಲಿ ಓದಿದವರಲ್ಲ. ಪತ್ರಿಕಾಲಯದಲ್ಲಿ ದುಡಿದು ಕಲಿತವರು. 1908ರ ಸೆಪ್ಟೆಂಬರ್ 14ರಂದು ಶಾಲೆ ಆರಂಭವಾಯಿತು. ಅದೇ ದಿನ ವಿದ್ಯಾರ್ಥಿಗಳು ಸಿದ್ಧಪಡಿಸಿದ ಪತ್ರಿಕೆಯೂ ಹೊರಬಂದಿತು. ನಮ್ಮ ನಾಡಿನಲ್ಲಿ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಬೋಧನೆಗೆ ಅಡಿಪಾಯ ಹಾಕಿದವರು ಪ್ರೊಫೆಸರ್ ನಾಡಿಗ ಕೃಷ್ಣಮೂರ್ತಿಯವರು.

ವಿದ್ಯಾರ್ಥಿ ಪತ್ರಿಕೆಯ ಬೆನ್ನಿಗೆ ನಿಲ್ಲುವ ಅಧ್ಯಾಪಕರ ಕೆಲಸ ಸುಲಭವಲ್ಲ. ಲೇಖನಿಯನ್ನು ತಾವೇ ಕಸಿದುಕೊಂಡು ಬರೆದರೆ ಶಿಷ್ಯನು ಕಲಿಯಲಾರ. ನೋಡಿಯೂ ನೋಡದಂತಿದ್ದರೆ ತಪ್ಪು ಅಚ್ಚಾಗುತ್ತದೆ. ಆದುದರಿಂದ ಅವರು "ಇದು ನಿನಗೆ ಹೇಗೆ ತಿಳಿಯಿತು? ಇನ್ನೊಬ್ಬರನ್ನು ಕೇಳಿದೆಯಾ?" ಎಂದು ಮತ್ತೆ ಮತ್ತೆ ಪ್ರಶ್ನಿಸುತ್ತಾರೆ. ಮೂವತ್ತು ವರ್ಷ ದುಡಿದರೂ ಶಿಷ್ಯರ ಬರಹಗಳ ಕೆಳಗೆ ಅವರ ಹೆಸರು ಕಾಣುವುದಿಲ್ಲ.

ಈ ವಿದ್ಯೆಯ ಕಠಿಣ ಪರೀಕ್ಷೆ ಬರುವುದು ನಮ್ಮ ತಂಡದ ಬಗೆಗೇ ಬರೆಯಬೇಕಾದಾಗ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಹಳಬರು ಹೊಸಬರಿಗೆ ಅವಮಾನಕರವಾದ ಕಿರುಕುಳ ಕೊಡುತ್ತಿದ್ದರೆಂಬ ದೂರಿನ ವಿಚಾರಣೆ ನಡೆದು, 2023ರ ಜುಲೈಯಲ್ಲಿ ತರಬೇತುದಾರರನ್ನು ಎರಡು ವಾರ ಅಮಾನತಿನಲ್ಲಿಡಲಾಯಿತು. ಮರುದಿನವೇ ಅಲ್ಲಿನ ವಿದ್ಯಾರ್ಥಿಗಳ ಸ್ವತಂತ್ರ ಪತ್ರಿಕೆ 'ಡೈಲಿ ನಾರ್ತ್‌ವೆಸ್ಟರ್ನ್' ಮಾಜಿ ಆಟಗಾರನೊಬ್ಬನ ಹೇಳಿಕೆಯನ್ನು ವಿವರವಾಗಿ ಪ್ರಕಟಿಸಿತು. ಎರಡು ದಿನಗಳಲ್ಲಿ ತರಬೇತುದಾರರು ಹುದ್ದೆಯಿಂದ ವಜಾಗೊಂಡರು. ಅವರು ನ್ಯಾಯಾಲಯಕ್ಕೆ ಹೋದರು. 2025ರಲ್ಲಿ ರಾಜಿಯಾದಾಗ, ಕಿರುಕುಳ ನಡೆದದ್ದು ನಿಜವಾದರೂ ಆಟಗಾರರು ಅದನ್ನು ತರಬೇತುದಾರರಿಗೆ ತಿಳಿಸಿದ್ದರೆಂಬುದಾಗಲಿ, ಅವರು ಅದಕ್ಕೆ ಸಮ್ಮತಿಸಿದ್ದರೆಂಬುದಾಗಲಿ ಸಾಕ್ಷ್ಯಗಳಿಂದ ಸ್ಥಾಪಿತವಾಗಿಲ್ಲವೆಂದು ವಿಶ್ವವಿದ್ಯಾಲಯವೇ ಹೇಳಿತು.

ಈ ಘಟನೆಯಲ್ಲಿ ಎರಡು ಪಾಠಗಳಿವೆ. ತಮ್ಮ ತಂಡದ ಗೌರವಕ್ಕಾಗಿ ಆ ವಿದ್ಯಾರ್ಥಿಗಳು ಸುಮ್ಮನಿದ್ದಿದ್ದರೆ ನೊಂದವರ ದನಿ ಹೊರಗೆ ಕೇಳಿಸುತ್ತಿತ್ತೇ? ಹಾಗೆಯೇ, ಅಚ್ಚಾದ ಒಂದು ಬರಹದಿಂದ ಒಬ್ಬರ ಮಾನವೂ ಜೀವನೋಪಾಯವೂ ಅಲುಗಾಡಬಲ್ಲವು. ಆದುದರಿಂದ ಬರೆಯುವವರಲ್ಲಿ ಧೈರ್ಯದಷ್ಟೇ ಎಚ್ಚರವೂ ಇರಬೇಕು. ತಿಳಿದುದೆಷ್ಟು, ಊಹಿಸಿದುದೆಷ್ಟು ಎಂಬ ಗೆರೆಯನ್ನು ಅವರು ಸ್ಪಷ್ಟವಾಗಿ ಎಳೆದುಕೊಳ್ಳಬೇಕು. ಆಟದ ವರದಿಯನ್ನು ಕಲಿಸುವವರು ನಿಜವಾಗಿ ಕಲಿಸುವುದು ಈ ವಿವೇಕವನ್ನೇ.

ವಿದ್ಯಾರ್ಥಿಗಳೇ, ಇದಕ್ಕಾಗಿ ನೀವು ವಿಶ್ವವಿದ್ಯಾಲಯಕ್ಕೆ ಹೋಗುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಶಾಲೆಯ ಗೋಡೆಪತ್ರಿಕೆಯೇ ಸಾಕು. ಮುಂದಿನ ಸಲ ನಿಮ್ಮ ತಂಡವು ನೆರೆಯ ಶಾಲೆಯೊಡನೆ ಖೊಖೊ ಆಡಿ ಸೋತಾಗ, ತೀರ್ಪುಗಾರರನ್ನು ದೂರುವ ಮೊದಲು ಅವರನ್ನೇ ಹೋಗಿ ಕೇಳಿರಿ. ಗೆದ್ದ ತಂಡದ ನಾಯಕಿಯನ್ನೂ ಮಾತನಾಡಿಸಿರಿ. ಅನಂತರ ಕಂಡದ್ದನ್ನು ಕಂಡಂತೆ ಬರೆಯಿರಿ. ನೆರೆಶಾಲೆಯ ಮಕ್ಕಳೂ ಅದನ್ನು ಓದಿ "ಹೌದು, ಹೀಗೆಯೇ ನಡೆಯಿತು" ಎಂದರೆ, ಆ ದಿನ ನೀವು ಒಳ್ಳೆಯ ವರದಿಗಾರರಾದಿರೆಂದು ತಿಳಿಯಿರಿ.