ಪರರ ಕಣ್ಣಿನಲ್ಲಿ ನಮ್ಮ ಮುಖ

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆ ಶ್ರೀರಂಗಪಟ್ಟಣದ ಆಳ್ವಿಕೆಗೆ ಸೇರಿತಷ್ಟೆ. ಆ ರಾಜ್ಯದ ಪರವಾಗಿ 1788ರಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋದರು. ಇಂಗ್ಲಿಷರ ವಿರುದ್ಧ ನೆರವು ಕೇಳುವುದು ಅವರ ಕೆಲಸ. ಪ್ಯಾರಿಸಿನ ಜನಕ್ಕೋ, ಅವರ ಮಾತಿಗಿಂತ ಮಸ್ಲಿನ್ ನಿಲುವಂಗಿಯೂ ರುಮಾಲೂ ಹೆಚ್ಚು ಸೊಗಸಾಗಿ ಕಂಡವು. ನೆರವು ಸಿಗಲಿಲ್ಲ, ಚಿತ್ರ ಉಳಿಯಿತು.

ಆ ಚಿತ್ರವನ್ನು ಬರೆದಾಕೆ ಎಲಿಸಬೆತ್ ವಿಜೆ ಲಬ್ರೂನ್ ಎಂಬ ಪ್ರಸಿದ್ಧ ಕಲಾವಿದೆ. ರಾಯಭಾರಿಗಳನ್ನು ನಾಟಕಶಾಲೆಯಲ್ಲಿ ಕಂಡು ಅವರ ವೇಷಕ್ಕೆ ಮನಸೋತಳು. ಅವರು ಸುಲಭವಾಗಿ ಒಪ್ಪಲಿಲ್ಲ. ದೊರೆಯೇ ಬಯಸಿದರೆ ಮಾತ್ರ ಎಂದರು. ದೊರೆಯ ಮಾತು ಬಂದಿತು. ಮಹಮ್ಮದ್ ದರ್ವೇಶ್ ಖಾನ್ ಕತ್ತಿಯ ಮೇಲೆ ಕೈಯಿಟ್ಟು ಆಳೆತ್ತರದ ಚಿತ್ರದಲ್ಲಿ ನಿಂತ. ಆದರೆ ಚಿತ್ರ ಮುಗಿದೊಡನೆ, ಅದಕ್ಕೊಂದು ಆತ್ಮ ಬೇಕೆಂದು ಹೇಳಿ, ಹಾಸಿಗೆಯ ಹಿಂದೆ ಬಚ್ಚಿಟ್ಟನಂತೆ! ಉಪಾಯದಿಂದ ಅದನ್ನು ತರಿಸಿಕೊಂಡೆನೆಂದು ಅವಳೇ ತನ್ನ ಸ್ಮೃತಿಗಳಲ್ಲಿ ಬರೆದಿದ್ದಾಳೆ. 1789ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ಜನ ನೋಡಿದರು. 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 70 ಲಕ್ಷ ಡಾಲರಿಗೂ ಮಿಕ್ಕಿದ ಬೆಲೆಗೆ ಹೋಯಿತು.

ಆಕೆ ಇದನ್ನು ಮೂಢನಂಬಿಕೆಯೆಂಬಂತೆ ಹೇಳುತ್ತಾಳೆ. ನನಗೆ ಹಾಗೆನಿಸದು. ತನ್ನ ಮುಖದ ಮೇಲೆ ತನಗೂ ಹಕ್ಕಿದೆಯೆಂದು ಆತ ಹೇಳಿದ್ದನಲ್ಲವೇ? ಆದರೂ ಕಲಾವಿದೆಗೆ ಸಲ್ಲಬೇಕಾದ ಗೌರವ ಸಲ್ಲಲಿ: ಆಕೆ ಬರೆದದ್ದು ಬರಿಯ ವೇಷವನ್ನಲ್ಲ, ಹೆಸರುಳ್ಳ, ಬಿಗುಮಾನವುಳ್ಳ ಒಬ್ಬ ಮನುಷ್ಯನನ್ನು.

ನಮ್ಮಜ್ಜಿಗೆ ಅಷ್ಟೂ ದೊರೆಯಲಿಲ್ಲ. ಸಾಗರದ ಬಳಿಯ ನಮ್ಮೂರಲ್ಲಿ ಆಕೆ ಮದುವೆಮನೆಗಳಿಗೆ ಹಸೆ ಚಿತ್ತಾರ ಬರೆಯುವವಳು. ಪಟ್ಟಣದಿಂದ ಬಂದ ಒಬ್ಬರು ಆಕೆಯ ಕನ್ನಡಕ ತೆಗೆಸಿ, ಹಳೆಯ ಕಾಲದಂತೆ ಸೀರೆ ಉಡಿಸಿ, ಚಿತ್ತಾರದೆದುರು ಕೂರಿಸಿ ಫೋಟೋ ಹಿಡಿದರು. ಅದು ಅಚ್ಚಾದಾಗ ಕೆಳಗಿದ್ದ ಬರಹ: ‘ಮಲೆನಾಡಿನ ಮುದುಕಿ’. ಅಜ್ಜಿ ನೋಡಿ ನಕ್ಕಳು: “ಕನ್ನಡಕ ಇಲ್ದೆ ನಾನು ಗೆರೆ ಎಳೆಯೋದು ಹ್ಯಾಂಗಾ ಮಗಾ? ಬರ್ದವಳ ಹೆಸ್ರೆಲ್ಲಿ?”

ಈ ಎರಡು ಪ್ರಶ್ನೆಗಳನ್ನು ನಾವೂ ಕೇಳಿಕೊಳ್ಳಬೇಕು. ಕೆಳದಿಗೋ ಕವಲೇದುರ್ಗಕ್ಕೋ ಪ್ರವಾಸ ಹೋದಾಗ ದಾರಿಯಲ್ಲಿ ಕಂಡ ಹಿರಿಯರತ್ತ ಕೇಳದೆ ಕ್ಯಾಮರಾ ಹಿಡಿಯುವವರು ನಾವೂ ಅಹುದು. ಚಿತ್ರ ಬೇಡವೆಂದು ನಾನು ಹೇಳುವುದಿಲ್ಲ. ಮೊದಲು ಒಪ್ಪಿಗೆ ಕೇಳೋಣ; ಇದ್ದಂತೆಯೇ ಇರಗೊಡೋಣ; ಅವರು ಒಪ್ಪಿದರೆ ಕೆಳಗೆ ಹೆಸರು ಬರೆಯೋಣ. ದರ್ವೇಶ್ ಖಾನ್ ಕೇಳಿದ ಆತ್ಮ ಬಹುಶಃ ಇಷ್ಟೇ.