ಹೊರಗಿನವರು ಯಾರು?

ಹಾಸ್ಟೆಲಿನ ಗೆಳೆಯರೇ,

ಯುನಿವರ್ಸಿಟಿ ಮೇಷ್ಟ್ರುಗಳ ಕೂಗು ನೀವೂ ಕೇಳಿದ್ದೀರಿ. ‘ನೇಮಕಾತಿಯಲ್ಲಿ ಹೊರಗಿನವರ ಕೈ ಬೇಡ’ ಅಂತ. ಕೂಗು ಸರಿಯೇ. ನಾವೂ ದನಿಗೂಡಿಸುವ. ಆದರೆ ಅದಕ್ಕೆ ಮೊದಲು ಒಂದು ಪ್ರಶ್ನೆ ಕೇಳಬೇಕು. ಹೊರಗಿನವರು ಅಂದರೆ ಯಾರು?

ಮೊದಲು ಸಂಗತಿ ಎಂತದ್ದು ನೋಡಿ. 2025ರ ಜನವರಿ 6ರಂದು ದೆಹಲಿಯ ಯುಜಿಸಿ ಒಂದು ಕರಡು ನಿಯಮ ಹೊರಡಿಸಿತು. ಕುಲಪತಿಯನ್ನು ಹುಡುಕುವ ಕಮಿಟಿಗೆ ಮೂವರು. ಕುಲಾಧಿಪತಿಯಾದ ರಾಜ್ಯಪಾಲರ ಕಡೆಯವರು ಒಬ್ಬರು, ಯುಜಿಸಿ ಕಡೆಯವರು ಒಬ್ಬರು, ಯುನಿವರ್ಸಿಟಿಯವರು ಒಬ್ಬರು. ಮೂರರಲ್ಲಿ ಎರಡು ಯಾರ ಕೈಗೆ ಹೋಯಿತು? ಲೆಕ್ಕ ನೀವೇ ಹಾಕಿ. ಕಟ್ಟಡಕ್ಕೂ ಸಂಬಳಕ್ಕೂ ದುಡ್ಡು ಹಾಕುವ ರಾಜ್ಯ ಸರಕಾರಕ್ಕೆ ಆ ಕಮಿಟಿಯಲ್ಲಿ ಒಂದು ಮಣೆಯೂ ಇಲ್ಲ. ಕಂಪನಿ ನಡೆಸಿದವರೂ ಕುಲಪತಿ ಆಗಬಹುದು ಅಂತ ಅದೇ ಕರಡು ಹೇಳಿತು. ಕಾಂಟ್ರಾಕ್ಟ್ ಮೇಷ್ಟ್ರುಗಳು ನೂರಕ್ಕೆ 10ಕ್ಕಿಂತ ಹೆಚ್ಚಿರಬಾರದು ಅಂತ 2018ರ ನಿಯಮ ಹಾಕಿದ್ದ ಬೇಲಿಯನ್ನೂ ಕಿತ್ತು ಹಾಕಿತು.

ನಮ್ಮ ರಾಜ್ಯದ 2000ದ ಕಾಯ್ದೆ ಹಾಗಿರಲಿಲ್ಲ. ಅದರಲ್ಲಿ ಕಮಿಟಿ ನಾಲ್ವರದು, ರಾಜ್ಯ ಸರಕಾರದ ಪ್ರತಿನಿಧಿಯೂ ಉಂಟು. ಅರ್ಹತೆ ಮಾತ್ರ ಅಲ್ಲ, ಸಾಮಾಜಿಕ ನ್ಯಾಯವನ್ನೂ ನೋಡಿ ಕುಲಪತಿಯನ್ನು ನೇಮಿಸಿ ಅಂತ ಕಾಯ್ದೆಯೇ ಹೇಳಿದೆ. ಈ ಕರಡಿನ ವಿರುದ್ಧ 2025ರ ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಶಿಕ್ಷಣ ಮಂತ್ರಿಗಳು ಸೇರಿ ಠರಾವು ಮಾಡಿದರು. ಒಳ್ಳೆಯದೇ ಆಯಿತು.

ಕುಲಪತಿ ಯಾರಾದರೆ ಅರಂತೋಡಿನ ಹುಡುಗನಿಗೆ ಎಂತ ಅಂತ ಕೇಳಬೇಡಿ. ಕೊಣಾಜೆಯಲ್ಲಿ ಮೇಷ್ಟ್ರನ್ನು ಆರಿಸುವ ಮಂಡಳಿಯ ತಲೆಯಲ್ಲಿ ಕೂರುವವನು ಕುಲಪತಿಯೇ. ನೀನು ಎಂ.ಎ. ಮಾಡಿ, ಪಿಎಚ್‌ಡಿ ಮಾಡಿ, ಫೈಲು ಹಿಡಿದು ಹೋಗಿ ನಿಲ್ಲುವುದು ಅವನ ಎದುರಿಗೆ.

ಈಗ ಮೇಷ್ಟ್ರುಗಳಿಗೆ ನಮ್ಮ ಪ್ರಶ್ನೆ. ಸ್ವಾಯತ್ತತೆ ಸ್ವಾಯತ್ತತೆ ಅಂತೀರಲ್ಲ, ಅದು ನಿಮ್ಮ ಕೈಯಲ್ಲಿದ್ದಾಗ ನಮಗೆಷ್ಟು ಕುರ್ಚಿ ಕೊಟ್ಟಿರಿ? ‘ಯೋಗ್ಯರು ಸಿಗಲಿಲ್ಲ’ ಅಂತ ಬರೆದು ಫೈಲು ಕಟ್ಟಿಟ್ಟ ಕೈ ದೆಹಲಿಯದ್ದೋ ನಿಮ್ಮದ್ದೋ?

ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕಥೆ ಕೇಳಿ. ಅಲ್ಲಿನ ನೇಮಕಾತಿಯ ವ್ಯಾಜ್ಯದಲ್ಲಿ ಅಲಹಾಬಾದ್ ಹೈಕೋರ್ಟು 2017ರಲ್ಲಿ ತೀರ್ಪು ಕೊಟ್ಟಿತು. ಮೀಸಲಾತಿ ಲೆಕ್ಕವನ್ನು ಇಡೀ ಯುನಿವರ್ಸಿಟಿಗೆ ಹಾಕಬಾರದು, ಒಂದೊಂದು ವಿಭಾಗಕ್ಕೆ ಹಾಕಬೇಕು ಅಂತ. 2018ರ ಮಾರ್ಚ್ 5ರಂದು ಯುಜಿಸಿ ಅದನ್ನೇ ಸುತ್ತೋಲೆ ಮಾಡಿ ಕಳಿಸಿತು. ಇದೇ 13 ಪಾಯಿಂಟ್ ರೋಸ್ಟರ್. ಅದರಲ್ಲಿ ಪರಿಶಿಷ್ಟ ಜಾತಿಗೆ ಏಳನೇ ಹುದ್ದೆ. ಪರಿಶಿಷ್ಟ ಪಂಗಡಕ್ಕೆ ಹದಿನಾಲ್ಕನೆಯದು.

ಸ್ಲೇಟು ತೆಗೆದುಕೊಂಡು ಲೆಕ್ಕ ಮಾಡಿ. 50 ವಿಭಾಗ, ಒಂದೊಂದರಲ್ಲಿ 6 ಹುದ್ದೆ ಅಂತ ಇಟ್ಟುಕೊಳ್ಳಿ. ಒಟ್ಟು 300. ಇಡೀ ಯುನಿವರ್ಸಿಟಿಗೆ ಲೆಕ್ಕ ಹಾಕಿದರೆ ಕೇಂದ್ರದ 15 ಪರ್ಸೆಂಟಿನಂತೆ ಪರಿಶಿಷ್ಟ ಜಾತಿಗೆ 45. ವಿಭಾಗಕ್ಕೆ ಲೆಕ್ಕ ಹಾಕಿದರೆ? ಸೊನ್ನೆ! ಯಾರಾದರೂ ನಿವೃತ್ತರಾಗಿ ಸರದಿ ತಿರುಗುವ ತನಕ ಬಾಗಿಲಲ್ಲಿ ನಿಂತಿರಬೇಕು. ಸಂವಿಧಾನಕ್ಕೆ ಕೈ ಹಚ್ಚಲಿಲ್ಲ, ಮೀಸಲಾತಿ ರದ್ದು ಅಂತ ಎಲ್ಲಿಯೂ ಹೇಳಲಿಲ್ಲ. ಭಾಗಾಕಾರದಲ್ಲೇ ನಮ್ಮನ್ನು ಮುಗಿಸಿದರು.

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಸರಕಾರದ ಮೇಲ್ಮನವಿ ತಳ್ಳಿಹಾಕಿತು. ಆಮೇಲೆ ಎಂತಾಯಿತು? ದಲಿತ, ಆದಿವಾಸಿ, ಹಿಂದುಳಿದ ಮೇಷ್ಟ್ರುಗಳು, ವಿದ್ಯಾರ್ಥಿಗಳು ಬೀದಿಗಿಳಿದರು. ಮಾರ್ಚ್ 5ಕ್ಕೆ ಭಾರತ ಬಂದ್. ಮಾರ್ಚ್ 7ಕ್ಕೆ ಸುಗ್ರೀವಾಜ್ಞೆ. ಅದೇ ವರ್ಷ ಕಾಯ್ದೆ. ಕೇಂದ್ರದ ಸಂಸ್ಥೆಗಳಲ್ಲಿ ಇಡೀ ಸಂಸ್ಥೆಯೇ ಒಂದು ಘಟಕ ಅಂತಾಯಿತು. ಆಗಲೂ ‘ಶ್ರೇಷ್ಠ’ ಅಂತ ಹೆಸರಿಟ್ಟು ಕೆಲವು ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಟ್ಟರು. ಶ್ರೇಷ್ಠ ಜಾಗಕ್ಕೆ ನಮ್ಮ ಕಾಲು ತಾಗಬಾರದು ನೋಡಿ!

1918ರಲ್ಲಿ ಬಾಬಾಸಾಹೇಬರು ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿಗೆ ಪ್ರೊಫೆಸರ್ ಆಗಿ ಹೋದಾಗ, ತಮ್ಮ ನೀರಿನ ಪಾತ್ರೆ ಅವರು ಮುಟ್ಟಬಾರದು ಅಂತ ತಕರಾರು ಮಾಡಿದವರು ಯಾರು? ಅನಕ್ಷರಸ್ಥರಲ್ಲ. ಜೊತೆಯ ಪ್ರೊಫೆಸರುಗಳೇ. ಒಳಗಿನವರೇ.

ಹಾಗಾದರೆ ಹೊರಗಿನವರು ಯಾರು? ಮೇಷ್ಟ್ರುಗಳಿಗೆ ದೆಹಲಿ ಹೊರಗಿನದು. ದೆಹಲಿಗೆ ರಾಜ್ಯ ಹೊರಗಿನದು. ಇವರೆಲ್ಲರಿಗೂ ಹೊರಗಿನವರು ನಾವು. ಅಡಿಕೆ ತೋಟದಲ್ಲಿ, ರಬ್ಬರ್ ಕಾಡಿನಲ್ಲಿ ದುಡಿದವರ ಮಕ್ಕಳು.

ನಮ್ಮ ಸುಳ್ಯವನ್ನೇ ನೋಡಿ. ಇದು ಮೀಸಲು ವಿಧಾನಸಭಾ ಕ್ಷೇತ್ರ. ಆ ಸೀಟು ಊರ ಧಣಿಗಳು ಪ್ರೀತಿಯಿಂದ ಬಿಟ್ಟುಕೊಟ್ಟದ್ದಾ? ಅಲ್ಲ. ಯಾರ ಮರ್ಜಿಗೂ ಬಗ್ಗದ ಒಂದು ನಿಯಮ ಉಂಟು, ಅದಕ್ಕೆ ಸಿಕ್ಕಿತು. ಯುನಿವರ್ಸಿಟಿಯಲ್ಲಿ ಆ ನಿಯಮದ ಹೆಸರು ರೋಸ್ಟರ್. ಪೆನ್ನು ದೆಹಲಿಯ ಕೈಗೆ ಹೋಗುವುದು ಬೇಡ, ನಿಜ. ಆದರೆ ಬೆಂಗಳೂರೂ ನಮಗೆ ಅಜ್ಜಿ ಮನೆಯಲ್ಲ, ಸಿಂಡಿಕೇಟೂ ಅಲ್ಲ. ಪೆನ್ನು ಯಾರ ಕೈಯಲ್ಲಿದ್ದರೂ ರೋಸ್ಟರ್ ದಾಟಿ ಬರೆಯದ ಹಾಗೆ ಕಾಯುವುದು ನಮ್ಮ ಕೆಲಸ.

ಹಾಗಾಗಿ ಮೇಷ್ಟ್ರುಗಳ ಮೆರವಣಿಗೆಗೆ ನಾವೂ ಹೋಗುವ, ನಮ್ಮ ಬೋರ್ಡು ಹಿಡಿದುಕೊಂಡೇ ಹೋಗುವ. ಖಾಲಿ ಹುದ್ದೆಗಳನ್ನು ಕಾಯಂ ನೇಮಕಾತಿಯಿಂದ ತುಂಬಲಿ. ಬ್ಯಾಕ್‌ಲಾಗ್ ಮೊದಲು ತುಂಬಲಿ. ಆಯ್ಕೆ ಮಂಡಳಿಯಲ್ಲಿ ನಮ್ಮವರು ಕೂರಲಿ, ಸಹಿ ಹಾಕಲಿಕ್ಕೆ ಮಾತ್ರ ಅಲ್ಲ, ಬಾಯಿ ತೆರೆಯಲಿಕ್ಕೆ. ಸಂದರ್ಶನದ ಅಂಕಗಳನ್ನು ನೋಟೀಸ್ ಬೋರ್ಡಿಗೆ ಹಾಕಲಿ.

ಮತ್ತೆ ಒಂದು ಕೆಲಸ, ಈ ವಾರವೇ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ರೂಮಿನ ನಾಲ್ಕು ಜನ ಸೇರಿದರೆ ಒಂದು ಚಾದ ದುಡ್ಡೂ ಆಗುವುದಿಲ್ಲ. ನಿಮ್ಮ ಯುನಿವರ್ಸಿಟಿಯ ರೋಸ್ಟರ್ ರಿಜಿಸ್ಟರ್ ಕೇಳಿ. ನಮ್ಮ ಪಾಯಿಂಟಿನ ಎದುರು ಯಾರ ಹೆಸರು ಉಂಟು, ಎಷ್ಟು ವರ್ಷದಿಂದ ಖಾಲಿ ಉಂಟು, ಓದಿ. ಬಂದ ಉತ್ತರವನ್ನು ಹಾಸ್ಟೆಲಿನ ಗೋಡೆಗೆ ಅಂಟಿಸಿ.

ಜೈ ಭೀಮ್.