ಕುಣಿತವೂ ಹೋರಾಟವೇ

ಹೈದರಾಬಾದಿನ ಬೇಗಂ ಬಜಾರ್‌ನಂಥ ಇಕ್ಕಟ್ಟಾದ ಸಗಟು ಪೇಟೆಯಲ್ಲಿ, ಪಾತ್ರೆ ಅಂಗಡಿಗಳ ಗದ್ದಲದ ನಡುವೆ, ಭಾಷಣಕ್ಕೆ ನಿಂತು ಕಿವಿಗೊಡುವವರು ಕಡಿಮೆ. ಡಪ್ಪು ಎಂಬ ಚರ್ಮವಾದ್ಯದ ಸದ್ದಿಗೆ ಮಾತ್ರ ಲೆಕ್ಕ ಬರೆಯುವವನೂ ತಲೆ ಎತ್ತುತ್ತಾನೆ. ಪ್ರತ್ಯೇಕ ರಾಜ್ಯಕ್ಕಾಗಿ ನಡೆದ ತೆಲಂಗಾಣ ಚಳವಳಿ ಇದನ್ನು ಅರಿತಿತ್ತು. ಹೆಗಲಿಗೆ ಕಂಬಳಿ, ಕಾಲಿಗೆ ಗೆಜ್ಜೆ ಕಟ್ಟಿದ ‘ಧೂಂ ಧಾಂ’ ಎಂಬ ಹಾಡು-ಕುಣಿತದ ಕಾರ್ಯಕ್ರಮಗಳ ಕಲಾವಿದರು ಜನರನ್ನು ಕುಣಿಸುತ್ತಲೇ ಸಂಘಟಿಸಿದರು. 2011ರಲ್ಲಿ 42 ದಿನ ನಡೆದ ‘ಸಕಲ ಜನುಲ ಸಮ್ಮೆ’ ಎಂಬ ಸಾರ್ವತ್ರಿಕ ಮುಷ್ಕರದ ಕಾಲದಲ್ಲಿ ಹೆಂಗಸರ ಹೂವಿನ ಹಬ್ಬ ಬತುಕಮ್ಮ ಬೀದಿಗಿಳಿಯಿತು. ಒಬ್ಬಳು ಹಾಡಿದ ಸಾಲಿಗೆ ಉಳಿದವರು ಬಾಗಿ ಚಪ್ಪಾಳೆ ತಟ್ಟುತ್ತ ದನಿಗೂಡಿಸುವ ಈ ಆಟದಲ್ಲಿ, ವೇದಿಕೆ ಹತ್ತದ ಹೆಂಗಸರೂ ಚಳವಳಿಗಾರರಾದರು. ಅಮೆರಿಕದಲ್ಲಿ 1990ರ ದಶಕದ ‘ರ‍್ಯಾಡಿಕಲ್ ಚಿಯರ್‌ಲೀಡರ್’ ಎಂಬ ಪ್ರತಿಭಟನಕಾರರು ಪ್ಲಾಸ್ಟಿಕ್ ಚೀಲ ಕತ್ತರಿಸಿ ಕುಚ್ಚು ಕಟ್ಟಿಕೊಂಡು, ಕುಣಿತದ ಲಯಕ್ಕೆ ಘೋಷಣೆ ಕೂಗಿದ್ದೂ ಕುಣಿತ ಜನರನ್ನು ಸೆಳೆಯುತ್ತದೆ ಎಂಬ ಇದೇ ನಂಬಿಕೆಯಿಂದ.

ಕುಣಿದರೆ ಬೇಡಿಕೆ ಹಗುರಾಗುತ್ತದೆ, ಹೋರಾಟ ಮನರಂಜನೆಯಾಗುತ್ತದೆ ಎಂಬ ಆಕ್ಷೇಪವಿದೆ. ಆದರೆ ವಾರಗಟ್ಟಲೆ ಸಂಬಳವಿಲ್ಲದೆ ಮುಷ್ಕರ ಕೂತವರನ್ನು ಬರೀ ಸಿಟ್ಟು ಹಿಡಿದು ನಿಲ್ಲಿಸಲಾರದು. ಒಟ್ಟಾಗಿ ಹಾಡುವ ಹುರುಪು ಬೇಕು. ಇನ್ನೊಂದು ಆಕ್ಷೇಪ ಗಟ್ಟಿಯಾದುದು: 2014ರಲ್ಲಿ ರಾಜ್ಯ ಬಂತು, ಬತುಕಮ್ಮ ಸರ್ಕಾರಿ ಹಬ್ಬವಾಯಿತು, ಪ್ರತಿಭಟನೆಯ ಕುಣಿತ ಅಧಿಕಾರದ ಅಲಂಕಾರವಾಯಿತು. ನಿಜ. ಆದರೆ ಘೋಷಣೆ, ಬಾವುಟ, ಹುತಾತ್ಮರ ಹೆಸರು ಯಾವುದನ್ನು ತಾನೇ ಅಧಿಕಾರ ತನ್ನದಾಗಿಸಿಕೊಂಡಿಲ್ಲ? ಬೀದಿಯಲ್ಲಿ ಕಲಿತ ಹೆಜ್ಜೆಯನ್ನು ಅದೇ ಸರ್ಕಾರದ ಎದುರೂ ಹಾಕಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.